ಒರೆಸಿ ಜೋಡಿಸುವಾಗ ಜೋಡು ನಳಿಗೆ ಕೋವಿಯ ಮುಂದಿನ ಕಟ್ಟಿಗೆ ಕೂರುತ್ತಿಲ್ಲ

ತೋಟದಂಚು, ಸಿದ್ದಾಪುರ

12 ಬೋರಿನ ಜೋಡು ನಳಿಗೆ ತೋಟೆ ಕೋವಿ. ನಳಿಗೆ ಅಕ್ಕಪಕ್ಕ, ಹ್ಯಾಮರ್ ಒಳಗಿರುವ ಮಾದರಿ, ಟ್ರಿಗರ್ ಎರಡು. ಬೆಳೆ ರಕ್ಷಣೆ ಲೈಸೆನ್ಸಿನದು. ಮಳೆಗೆ ನೆನೆದಿತ್ತು ಅಂತ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ ಆಯ್ತು. ಬಿಚ್ಚಿದ್ದು ಅಂದರೆ ಮೂರೇ ತುಂಡು: ನಳಿಗೆ, ಬಟ್ ಇರುವ ಹಿಂದಿನ ಭಾಗ, ನಳಿಗೆಯಡಿಯ ಮುಂದಿನ ಕಟ್ಟಿಗೆ. ಒಳಗಿನ ಸ್ಕ್ರೂ ಒಂದನ್ನೂ ಮುಟ್ಟಿಲ್ಲ.

ಈಗ ಜೋಡಿಸಲು ಹೋದರೆ ನಳಿಗೆ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಉಜ್ಜಿಕೊಂಡಾದರೂ ಮುಚ್ಚುತ್ತದೆ, ಮೇಲಿನ ಲಿವರ್ ನಡುವಿಗೆ ಬಂದು ನಿಲ್ಲುತ್ತದೆ. ಮುಂದಿನ ಕಟ್ಟಿಗೆ ಮಾತ್ರ ಕೂರುವುದಿಲ್ಲ. ಅದರ ಹಿಂತುದಿಯ ಕಬ್ಬಿಣಕ್ಕೆ ಏನೋ ಅಡ್ಡ ಬಂದ ಹಾಗೆ, 4 ಮಿ.ಮೀ. ಸಂದು ಉಳಿಯುತ್ತದೆ. ತುದಿಯ ಗುಂಡಿ ಟಕ್ ಅನ್ನುವುದೇ ಇಲ್ಲ. ಬಿಚ್ಚುವ ಮುಂಚೆ ಸಲೀಸಾಗಿ ಕೂರುತ್ತಿತ್ತು.

ಬಿಚ್ಚಿಟ್ಟಿದ್ದಾಗ, ಸ್ಪ್ರಿಂಗಿಗೆ ಬಿಗಿತ ಬೇಡ ಅಂತ ಎರಡೂ ಟ್ರಿಗರ್ ಒಮ್ಮೆ ಎಳೆದಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಅಥವಾ ಕಟ್ಟಿಗೆ ಮಳೆಗೆ ಉಬ್ಬಿದೆಯಾ? ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಆಗುತ್ತದಾ?

ಮತ್ತಿಮರ, ಶಿರಸಿ

ಸುತ್ತಿಗೆ ಒಳಗಿಡಿ. ತಟ್ಟಿದರೆ ಕಟ್ಟಿಗೆ ಸೀಳುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಕಾರಣ ನೀವೇ ಬರೆದಿದ್ದೀರಿ: ಟ್ರಿಗರ್ ಎಳೆದದ್ದು.

ಈ ಮಾದರಿಯ ಹೆಚ್ಚಿನ ಕೋವಿಗಳ ಒಳಗಿರುವುದು ಆನ್ಸನ್ ಮತ್ತು ಡೀಲಿ ಅನ್ನುವವರು 1875ರಲ್ಲಿ ಪೇಟೆಂಟ್ ಪಡೆದ ಏರ್ಪಾಡು. ನಳಿಗೆಗೊಂದು ಹ್ಯಾಮರ್, ಹ್ಯಾಮರಿಗೊಂದು ಸನ್ನೆ. ಸನ್ನೆಯ ಹಿಂತುದಿ ಹ್ಯಾಮರಿನ ಅಡಿಗೆ ಹೋಗಿ ಕೂತಿರುತ್ತದೆ. ಮುಂತುದಿ, ಕೋವಿ ಮಡಚುವ ಜಾಗದ ಗುಂಡನೆ ಮೂತಿಯಿಂದ ಹೊರಗೆ ಇಣುಕುತ್ತದೆ. ಮುಂದಿನ ಕಟ್ಟಿಗೆ ಬರೀ ಕೈಗೆ ಹಿಡಿತ ಕೊಡಲಿಕ್ಕೆ ಇರುವುದಲ್ಲ. ನಳಿಗೆ ಮಡಚಿದಾಗ ಅದರ ಕಬ್ಬಿಣ ಈ ಎರಡು ಮುಂತುದಿಗಳನ್ನು ಕೆಳಕ್ಕೆ ಅದುಮುತ್ತದೆ, ಏತದ ಮರದ ಹಾಗೆ ಹಿಂತುದಿ ಮೇಲೆದ್ದು ಹ್ಯಾಮರನ್ನು ಎತ್ತಿ ಬಿಗಿಮಾಡುತ್ತದೆ. ಟಕ್ ಅಂತ ಎರಡು ಸಲ ಕೇಳುವುದು ಅದೇ.

ಬಿಚ್ಚಿಟ್ಟಾಗ ಟ್ರಿಗರ್ ಎಳೆದರೆ ಹ್ಯಾಮರ್ ಬೀಳುತ್ತದೆ, ಹಿಂತುದಿ ಕೆಳಗಿಳಿಯುತ್ತದೆ, ಮುಂತುದಿ ಮೇಲೇಳುತ್ತದೆ. ಕಟ್ಟಿಗೆಯನ್ನು ಓರೆಯಾಗಿ ಇಟ್ಟು ಮೇಲಕ್ಕೆ ಹೊರಳಿಸಿ ಕೂರಿಸಬೇಕಲ್ಲ, ಆ ಹೊರಳುವ ದಾರಿಗೇ ಎದ್ದು ನಿಂತ ತುದಿಗಳು ಅಡ್ಡ. ನಿಮ್ಮ 4 ಮಿ.ಮೀ. ಸಂದು ಬಂದದ್ದು ಅಲ್ಲಿಂದ.

ಖಾತ್ರಿ ಮಾಡಿಕೊಳ್ಳಲು ನಳಿಗೆ ತೆಗೆದು, ತೋಟೆಯ ಹಿಂಬದಿ ತಾಗುವ ಚಪ್ಪಟೆ ಮುಖ ನೋಡಿ. ಎರಡು ತೂತುಗಳಿಂದ, ತೋಟೆಗೆ ಹೊಡೆಯುವ ಪಿನ್ನಿನ ಮೊನೆ ಹೊರಗೆ ಬಂದಿದ್ದರೆ ಹ್ಯಾಮರ್ ಬಿದ್ದಿದೆ ಎಂದೇ ಅರ್ಥ. ಉಜ್ಜಿಕೊಂಡು ಮುಚ್ಚಿತು ಅಂದಿರಲ್ಲ, ಆ ಪಿನ್ನುಗಳೇ ಎಕ್ಸ್‌ಟ್ರ್ಯಾಕ್ಟರಿನ (ತೋಟೆ ಮೇಲೆತ್ತುವ ತುಂಡಿನ) ಮುಖಕ್ಕೆ ಗೀರಿವೆ. ಹೀಗೇ ಇಟ್ಟುಕೊಂಡು ಇನ್ನೊಂದು ಸಲ ಮುಚ್ಚಬೇಡಿ.

ಸರಿಮಾಡುವುದು ಹೀಗೆ. ನಳಿಗೆ, ಕಟ್ಟಿಗೆ ಎರಡನ್ನೂ ಬದಿಗಿಡಿ. ಅಲುಗಾಡದ ಮೇಜಿನ ಗಟ್ಟಿ ಮರದ ಅಂಚು ಬೇಕು, ಅದರ ಮೇಲೆ ಒಂದು ಪದರ ಹಳೇ ಪಂಚೆ ಹಾಸಿ. ಹಿಂದಿನ ಭಾಗವನ್ನು ಬೋರಲು ಹಿಡಿಯಿರಿ, ಅಂದರೆ ಟ್ರಿಗರ್ ಕಾವಲು ಆಕಾಶಕ್ಕೆ. ಇಣುಕುವ ತುದಿಗಳ ಮೇಲ್ಮೈ ಮೇಜಿನ ಅಂಚಿಗೆ ತಾಗಲಿ. ಈಗ ಮೈಭಾರ ಬಿಟ್ಟು ಒತ್ತಿ. ಬಗ್ಗಿಸಿದ ಚಪ್ಪಟೆ ಸ್ಪ್ರಿಂಗು ಬಿಗಿ ಇರುತ್ತದೆ, ಹೆಬ್ಬೆರಳಿಗೆ ಮಣಿಯುವಂಥದ್ದಲ್ಲ. ಟಕ್ ಅನ್ನುವವರೆಗೆ ಒತ್ತಬೇಕು, ಅರ್ಧಕ್ಕೆ ಬಿಟ್ಟರೆ ಮತ್ತೆ ಮೇಲೇಳುತ್ತದೆ. ಬೆರಳು ಟ್ರಿಗರ್ ಕಾವಲಿನ ಒಳಗೆ ಹೋಗಕೂಡದು. ಎರಡೂ ಸಲ ಟಕ್ ಅಂದ ಮೇಲೆ ಪಿನ್ನಿನ ಮೊನೆಗಳು ಒಳಗೆ ಹೋಗಿವೆಯಾ ನೋಡಿ, ಸೇಫ್ಟಿ ಹಿಂದಕ್ಕೆಳೆದು ಇಡಿ, ಆಮೇಲೆ ಜೋಡಿಸಿ.

ಸ್ಕ್ರೂ ಡ್ರೈವರ್ ಹಾಕಿ ಮೀಟುವ ಕೆಲಸ ಬೇಡವೇ ಬೇಡ. ಜಾರಿತೋ, ಆ ಗುಂಡನೆ ಮೂತಿಯ ನಯವಾದ ಮೈಗೆ ಗಾಯ. ಕಟ್ಟಿಗೆಯ ಕಬ್ಬಿಣ ತಿರುಗಾಡುವುದು ಆ ಮೈ ಮೇಲೆಯೇ.

ತೋಟದಂಚು, ಸಿದ್ದಾಪುರ

ಪಿನ್ನಿನ ಮೊನೆ ಎರಡೂ ಹೊರಗೇ ಇತ್ತು. ಒತ್ತಿದೆ. ಬಲಗಡೆಯದು ಟಕ್ ಅಂತು, ಎಡಗಡೆಯದು ಏಳುತ್ತದೆ, ನಿಲ್ಲುವುದಿಲ್ಲ. ಬಿಟ್ಟ ಕೂಡಲೇ ವಾಪಸ್.

ಮತ್ತಿಮರ, ಶಿರಸಿ

ಎರಡನ್ನೂ ಒಟ್ಟಿಗೆ ಒತ್ತಬೇಡಿ. ಬಲದ್ದು ಆದ ಮೇಲೆ ಎಡದ ತುದಿಯೊಂದೇ ಅಂಚಿಗೆ ತಾಗುವ ಹಾಗೆ ಓರೆ ಮಾಡಿ ಒತ್ತಿ. ಹ್ಯಾಮರ್ ಪೂರ್ತಿ ಎದ್ದ ಮೇಲೆ ಕೊನೆಯ ಒಂದು ಮಿ.ಮೀ. ಹೆಚ್ಚಿಗೆ ಹೋದರೇನೇ ಸಿಯರಿನ (ಎದ್ದ ಹ್ಯಾಮರನ್ನು ಹಿಡಿದಿಟ್ಟು, ಟ್ರಿಗರ್ ಎಳೆದಾಗ ಬಿಡುವ ತುಂಡಿನ) ಹಲ್ಲು ಹ್ಯಾಮರಿನ ಕಚ್ಚಿಗೆ ಬೀಳುವುದು. ಹೆಚ್ಚಿನವರು ಅಲ್ಲೇ ಕೈ ಸಡಿಲ ಬಿಡುತ್ತಾರೆ.

ಪೂರ್ತಿ ಒತ್ತಿಯೂ ನಿಲ್ಲದಿದ್ದರೆ ಎರಡೇ ಸಾಧ್ಯತೆ. ಒಂದು, ಹಳೇ ಎಣ್ಣೆ ಅಂಟಾಗಿ ಸಿಯರ್ ತಿರುಗುತ್ತಿಲ್ಲ. ಬೋರಲು ಹಿಡಿದು ಎರಡು ತೊಟ್ಟು ತೆಳು ಎಣ್ಣೆ ಟ್ರಿಗರಿನ ಸಂದಿಗೆ ಬಿಟ್ಟು, ಒಂದು ರಾತ್ರಿ ಮಲಗಿಸಿಟ್ಟು, ಬೆಳಿಗ್ಗೆ ನೋಡಿ. ಎರಡು, ಸಿಯರಿನ ಹಲ್ಲೋ ಅದರ ಪುಟ್ಟ ಸ್ಪ್ರಿಂಗೋ ಸವೆದಿದೆ. ಹಾಗಿದ್ದರೆ ಆ ಕೋವಿಗೆ ತೋಟೆ ಹಾಕಬೇಡಿ. ಕುಟ್ಟಿದರೆ, ಬಿದ್ದರೆ ತಾನಾಗಿ ಈಡು ಹಾರುವ ಕೋವಿ ಅದು. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೈಗೇ ಕೊಡಬೇಕು. ಕಬ್ಬಿಣದ ಕೆಲಸ ಬಲ್ಲವರು ಊರಿಗೊಬ್ಬರು ಇರಬಹುದು, ಸಿಯರ್ ಅರ ಹಾಕುವ ಕೆಲಸ ಅವರದ್ದಲ್ಲ.

ಗುಡ್ಡೆಬೆಟ್ಟ, ಯಲ್ಲಾಪುರ

ಕಟ್ಟಿಗೆ ಉಬ್ಬಿದೆಯಾ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಉಬ್ಬುವುದು ಉಂಟು, ಆದರೆ ಅದರ ಲಕ್ಷಣ ಬೇರೆ. ಕಬ್ಬಿಣಕ್ಕೆ ಅಡ್ಡ ಬರುವುದಿಲ್ಲ. ಕಟ್ಟಿಗೆಯ ಉದ್ದಕ್ಕೂ ನಳಿಗೆಗೆ ಉಜ್ಜಿ, ಕೂತ ಮೇಲೂ ಬಿಗಿಯಾಗಿ, ತೆಗೆಯುವಾಗ ಕಿರ್ ಅನ್ನುತ್ತದೆ. ಎಲ್ಲಿ ತಾಗುತ್ತದೆ ಅಂತ ಗೊತ್ತಾಗಬೇಕಾದರೆ ಎಣ್ಣೆ ದೀಪದ ಕುಡಿಗೆ ಕಬ್ಬಿಣ ಹಿಡಿದು ತೆಳ್ಳಗೆ ಕಾಡಿಗೆ ಹಿಡಿಸಿ, ಜೋಡಿಸಿ ತೆಗೆಯಿರಿ. ತಾಗಿದ ಕಡೆ ಕಾಡಿಗೆ ಅಳಿಸಿ ಕಬ್ಬಿಣ ಹೊಳೆಯುತ್ತದೆ. ಕೋವಿ ಕೆಲಸದವರು ಹೊಸ ನಳಿಗೆ ಕೂರಿಸುವಾಗ ಮಾಡುವುದೂ ಇದನ್ನೇ. ಉಬ್ಬಿದ ಕಟ್ಟಿಗೆ ಎರಡು ವಾರ ಒಣ ಜಾಗದಲ್ಲಿಟ್ಟರೆ ತಾನಾಗಿ ಇಳಿಯುತ್ತದೆ, ಉಪ್ಪುಕಾಗದ ಹಿಡಿದು ಕೂರಬೇಡಿ. ಮಳೆಗಾಲದಲ್ಲಿ ಉಜ್ಜಿ ಸರಿಮಾಡಿದ್ದು ಮಾರ್ಚಿನಲ್ಲಿ ಗಡಗಡ ಅಲ್ಲಾಡುತ್ತದೆ.

ಮತ್ತೊಂದು ತೊಂದರೆಯನ್ನೂ ಹೇಳಿಬಿಡುತ್ತೇನೆ, ಮುಂದೆ ಯಾರಾದರೂ ಇದನ್ನೇ ಹುಡುಕಿಕೊಂಡು ಬರುತ್ತಾರೆ. ಕಟ್ಟಿಗೆಯಲ್ಲ, ನಳಿಗೆಯೇ ಕೊನೆಯ 2–3 ಮಿ.ಮೀ. ಮುಚ್ಚದಿದ್ದರೆ ಮೊದಲು ನೋಡಬೇಕಾದ್ದು ಎಕ್ಸ್‌ಟ್ರ್ಯಾಕ್ಟರಿನ ಅಡಿ. ತೋಟೆಯ ಅಂಚು ಹಿಡಿದು ಮೇಲೆತ್ತುವ ಅರ್ಧಚಂದ್ರದ ತುಂಡು ಅದು. ಅದರಡಿಗೆ ಬ್ರಷ್ಷಿನ ಒಂದು ಕೂದಲು, ಸುಡದ ಮದ್ದಿನ ಒಂದು ಕಾಳು, ಬಟ್ಟೆಯ ಒಂದು ಎಳೆ ಸಿಕ್ಕರೂ ಸಾಕು, ಕೋವಿ ಮುಚ್ಚುವುದಿಲ್ಲ. ಎತ್ತಿ ಹಿಡಿದು, ಅಡಿಕೆ ಹಾಳೆಯ ಸಿಬಿರು ಚೂಪು ಮಾಡಿ ಅದರಲ್ಲಿ ಗೀರಿ ತೆಗೆಯಿರಿ. ಅದು ಸರಿ ಇದ್ದರೆ ಮೇಲಿನ ಲಿವರ್ ನೋಡಿ. ನಳಿಗೆ ತೆಗೆದಾಗ ಎಷ್ಟೋ ಕೋವಿಗಳಲ್ಲಿ ಲಿವರ್ ಬಲಕ್ಕೆ ಸರಿದು ಅಲ್ಲೇ ನಿಂತಿರುತ್ತದೆ. ಒರೆಸುವಾಗ ಬಟ್ಟೆ ತಾಗಿ ನಡುವಿಗೆ ಹಾರಿಬಿಟ್ಟರೆ ಒಳಗಿನ ಚಿಲಕ ಮುಂದಕ್ಕೆ ಬಂದು ನಳಿಗೆಯ ಕೊಕ್ಕೆಗೆ ಅಡ್ಡ ನಿಲ್ಲುತ್ತದೆ. ಹೆಬ್ಬೆರಳಲ್ಲಿ ಲಿವರನ್ನು ಪೂರ್ತಿ ಬಲಕ್ಕೆ ಒತ್ತಿ ಹಿಡಿದೇ ಮುಚ್ಚಿ. ಮೊಣಕಾಲಿಗೆ ಇಟ್ಟು ಬಡಿಯುವವರಿದ್ದಾರೆ. ಚಿಲಕದ ಮೂಲೆ ಮುರಿಯುವುದು ಹಾಗೆಯೇ.

ಜೋಡಿಸುವ ಪೂರ್ತಿ ಕ್ರಮ ಬರೆದಿಡುತ್ತೇನೆ. ತೋಟೆಗಳೆಲ್ಲ ಬೇರೆ ಕೋಣೆಯಲ್ಲಿ ಇರಬೇಕು, ಅದರ ಮೇಲೆ ಚರ್ಚೆ ಇಲ್ಲ.

ಮೊದಲು ಎರಡೂ ನಳಿಗೆಯನ್ನು ಬೆಳಕಿಗೆ ಹಿಡಿದು, ಹಿಂದಿನಿಂದ ಮೂತಿಯವರೆಗೆ ನೋಡಬೇಕು. ಒರೆಸಿದ ಚಿಂದಿ ಒಳಗೇ ಉಳಿದು ಆಮೇಲೆ ಈಡು ಹೊಡೆದರೆ ನಳಿಗೆ ಒಡೆಯುತ್ತದೆ. 12 ಬೋರಿನ ಒಳ ಅಡ್ಡಗಲ (ವ್ಯಾಸ) 18.5 ಮಿ.ಮೀ. ಆಸುಪಾಸು, ನಾಲ್ಕು ಇಂಚು ಚದರದ ಚಿಂದಿ ಬಿಗಿಯಾಗಿ ಹೋಗುತ್ತದೆ. ಅದಕ್ಕಿಂತ ದೊಡ್ಡದು ಹಾಕಿದರೆ ಮೂತಿಯ ಹತ್ತಿರ ಚೋಕ್ ಸಣ್ಣದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟು ಚಿಂದಿ ಒಳಗೆ ಹಾಕಿದಿರಿ, ಎಷ್ಟು ಹೊರಗೆ ಬಂತು, ಎಣಿಸಿಡಿ.

ಆಮೇಲೆ ಗ್ರೀಸು. ನಳಿಗೆಯ ಕೊಕ್ಕೆಯ ಬಾಗಿದ ಒಳಮೈಗೆ, ಅದು ಸಿಕ್ಕಿಕೊಳ್ಳುವ ಅಡ್ಡ ಪಿನ್ನಿಗೆ, ಗುಂಡನೆ ಮೂತಿಗೆ. ಒಂದೊಂದು ಕಡೆಗೆ ಅಕ್ಕಿ ಕಾಳಿನಷ್ಟು. ಇಲ್ಲಿ ತೆಳು ಎಣ್ಣೆ ಸಾಲದು. ಲೋಹಕ್ಕೆ ಲೋಹ ಒತ್ತಡದಲ್ಲಿ ಉಜ್ಜುವ ಜಾಗ, ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ. ಒಣಗಿಯೇ ಬಿಟ್ಟರೆ ಮೈ ಕಚ್ಚಿ ಎಳೆಗಳೇಳುತ್ತವೆ, ಆ ಗಾಯ ಹೋಗುವಂಥದ್ದಲ್ಲ.

ಬಟ್ಟನ್ನು ಬಲ ಮೊಣಕೈ ಮತ್ತು ಸೊಂಟದ ನಡುವೆ ಅವಚಿ, ಲಿವರ್ ಬಲಕ್ಕೆ. ಎಡಗೈಯಲ್ಲಿ ನಳಿಗೆಯನ್ನು ಹಿಂತುದಿಯ ಹತ್ತಿರ ಹಿಡಿದು, ಮೂತಿ ಇಳಿಜಾರಾಗಿ ಇಟ್ಟು, ಕೊಕ್ಕೆಯನ್ನು ಪಿನ್ನಿಗೆ ಸಿಕ್ಕಿಸಿ, ಮುಂದಕ್ಕೆ ಎಳೆದು ಹಿಡಿದೇ ಮೆಲ್ಲಗೆ ಮುಚ್ಚಿ. ಎಳೆದು ಹಿಡಿಯದೆ ಮುಚ್ಚಿದರೆ ಕೊಕ್ಕೆ ಪಿನ್ನಿನ ಮೇಲೆ ಕೂತಂತೆ ಕಂಡು ಅರ್ಧಕ್ಕೆ ನಿಲ್ಲುತ್ತದೆ. ಮುಚ್ಚಿದ ಮೇಲೆ ಲಿವರ್ ಎಲ್ಲಿ ನಿಂತಿತು ಗಮನಿಸಿ: ಹೊಸ ಕೋವಿಯದು ನಡುವಿಗಿಂತ ತುಸು ಬಲಕ್ಕೆ, ಸವೆದದ್ದು ನಡು ದಾಟಿ ಎಡಕ್ಕೆ ಹೋಗುತ್ತದೆ. ಕಟ್ಟಿಗೆಯ ಹಿಂತುದಿಯನ್ನು ಗುಂಡನೆ ಮೂತಿಗೆ ಆನಿಸಿ, ಮೇಲಕ್ಕೆ ಹೊರಳಿಸಿ, ಅಂಗೈಯಲ್ಲಿ ಒತ್ತಿದರೆ ಆಯ್ತು.

ಕೊನೆಗೆ ಪರೀಕ್ಷೆ. ಪೂರ್ತಿ ಮಡಚಿ ಮುಚ್ಚಿ. ಬರೀ ನಳಿಗೆಯಲ್ಲಿ ಟ್ರಿಗರ್ ಎಳೆಯುವುದು ಬೇಡ, ಪಿನ್ನಿನ ಹೊಡೆತ ತಡೆಯಲು ಏನೂ ಇರುವುದಿಲ್ಲ. ಹೊಡೆದು ಖಾಲಿಯಾದ ಎರಡು ತೋಟೆ ತಗೊಂಡು, ಕ್ಯಾಪ್ ತೆಗೆದ ತೂತಿಗೆ ಪೆನ್ಸಿಲ್ ಅಳಿಸುವ ರಬ್ಬರ್ ಕೆತ್ತಿ ಅಂಟಿಸಿ, ಮೈಗೆಲ್ಲ ಬಿಳಿ ಬಣ್ಣ ಬಳಿದು ಇಟ್ಟುಕೊಳ್ಳಿ. ಅದನ್ನು ಹಾಕಿ, ಸೇಫ್ಟಿ ಹಿಂದಿದ್ದಾಗ ಎರಡೂ ಟ್ರಿಗರ್ ಎಳೆದು ನೋಡಿ, ಏನೂ ಬೀಳಬಾರದು. ಬೆರಳು ಬಿಟ್ಟು, ಸೇಫ್ಟಿ ಮುಂದೆ ದೂಡಿದ ಕ್ಷಣಕ್ಕೂ ಬೀಳಬಾರದು. ಆ ಕ್ಷಣಕ್ಕೆ ಬಿತ್ತೆಂದರೆ ಸೇಫ್ಟಿ ತಡೆದದ್ದು ಟ್ರಿಗರನ್ನಷ್ಟೇ, ಒಳಗೆ ಸಿಯರ್ ಆಗಲೇ ಜಾರಿತ್ತು ಎಂದಾಯ್ತು. ಆಮೇಲೆ ಮುಂದಿನ ಟ್ರಿಗರ್ ಎಳೆದರೆ ಸಾಮಾನ್ಯವಾಗಿ ಬಲ ನಳಿಗೆಯದು, ಹಿಂದಿನದು ಎಳೆದರೆ ಎಡದ್ದು ಬೀಳಬೇಕು.

ಕಾಳಿಕಡಲು, ಕಾರವಾರ

ಸ್ಪ್ರಿಂಗಿಗೆ ಬಿಗಿತ ಬೇಡ ಅನ್ನುವವರಿಗೆ ಇದೇ ಬಿಳಿ ತೋಟೆ ಸಾಕು. ಕೋವಿ ಪೂರ್ತಿ ಜೋಡಿಸಿ, ಬಿಳಿ ತೋಟೆ ಹಾಕಿ, ಟ್ರಿಗರ್ ಎಳೆದು ಹಾಗೇ ಇಡಿ. ತುಂಡು ಮಾಡಿ ಇಡುವುದಾದರೆ ಹ್ಯಾಮರ್ ಬಿಗಿಯಾಗಿಯೇ ಇರಲಿ. ಒಳ್ಳೆಯ ಸ್ಪ್ರಿಂಗು ಅಷ್ಟಕ್ಕೆಲ್ಲ ಸೋಲುವುದಿಲ್ಲ.

ಕರಾವಳಿಯವರಿಗೆ ಒಂದು ಮಾತು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಕಡಲ ಗಾಳಿಗೆ ಹಿಡಿದ ಕೋವಿಗೆ ಮೇಲಿಂದ ಎಣ್ಣೆ ಸವರಿದರೆ ಉಪ್ಪನ್ನು ಎಣ್ಣೆಯಡಿ ಮುಚ್ಚಿಟ್ಟಂತೆ. ಮೂರೇ ದಿನಕ್ಕೆ ಕೆಂಪು ಚುಕ್ಕಿ. ಸಿಹಿನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ನಳಿಗೆಯ ಹೊರಮೈ ಒರೆಸಿ, ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಲ್ಲೋ ಬೆಚ್ಚಗಿನ ಜಾಗದಲ್ಲೋ ಅರ್ಧ ಗಂಟೆ ಬಿಟ್ಟು, ಆಮೇಲೆ ಎಣ್ಣೆ. ಎರಡು ನಳಿಗೆ ಕೂಡುವ ಪಟ್ಟಿಯ ಸಂದಿಯನ್ನು ಯಾರೂ ನೋಡುವುದಿಲ್ಲ, ತುಕ್ಕು ಶುರುವಾಗುವುದು ಅಲ್ಲೇ.

ಇದೇ ಎಳೆಯಲ್ಲಿ .32 ಪಿಸ್ತೂಲಿನ ಬಗ್ಗೆ ಕೇಳಬಹುದಾ? ಹಳೇ ಬ್ರೌನಿಂಗ್ 1910 ಮಾದರಿಯದು. ಒರೆಸಿ ಜೋಡಿಸಿದ ಮೇಲೆ ಸ್ಲೈಡ್ ಸಲೀಸಾಗಿ ಹಿಂದೆ ಮುಂದೆ ಹೋಗುತ್ತದೆ, ಸೇಫ್ಟಿ ತೆಗೆದಿದೆ, ಹಿಡಿಕೆಯ ಹಿಂದಿನ ಸೇಫ್ಟಿ ಅದುಮಿದೆ. ಟ್ರಿಗರ್ ಮಾತ್ರ ಸತ್ತ ಹಾಗಿದೆ. ಮ್ಯಾಗಜೀನ್ ಹೊರಗಿಟ್ಟೇ ನೋಡುತ್ತಿದ್ದೇನೆ. ಜೋಡಣೆಯಲ್ಲಿ ಏನು ತಪ್ಪಿರಬಹುದು?

ಗುಡ್ಡೆಬೆಟ್ಟ, ಯಲ್ಲಾಪುರ

ತಪ್ಪಿಲ್ಲ. ಆ ಪಿಸ್ತೂಲಿಗೆ ಸೇಫ್ಟಿ ಮೂರು: ಬದಿಯ ಗುಂಡಿ, ಹಿಡಿಕೆಯ ಹಿಂಬದಿ, ಮೂರನೆಯದು ಮ್ಯಾಗಜೀನಿನದು. ಮ್ಯಾಗಜೀನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡಲೇಬಾರದು ಅಂತಲೇ ಮಾಡಿದ್ದು. ಮ್ಯಾಗಜೀನಿನಲ್ಲಿ ಒಂದೂ ಗುಂಡಿಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ, ಖಾಲಿಯದನ್ನು ಹಾಕಿ. ಸ್ಲೈಡ್ ಎಳೆದು ಚೇಂಬರನ್ನೂ ಹಾಗೇ ನೋಡಿ, ಆಮೇಲೆ ಪರೀಕ್ಷೆ ಮಾಡಿ.

ಜೋಡಿಸುವಾಗ ಜನ ಎಡವುವುದು ಬೇರೆ ಕಡೆ. ಅದರ ನಳಿಗೆ ತಳದ ಹಲ್ಲುಗಳಿಂದ ಚೌಕಟ್ಟಿಗೆ ಕಚ್ಚಿ ನಿಲ್ಲುತ್ತದೆ. ಸ್ಲೈಡನ್ನು ಹಿಂದಕ್ಕೆಳೆದು, ಸೇಫ್ಟಿ ಗುಂಡಿಯನ್ನು ಸ್ಲೈಡಿನ ಮುಂದಿನ ಕಚ್ಚಿಗೆ ಸಿಕ್ಕಿಸಿ, ನಳಿಗೆಯನ್ನು ತಿರುಗಿಸಿ ಹಲ್ಲು ಕೂರಿಸಬೇಕು. ಅದು ಪೂರ್ತಿ ತಿರುಗಿದ ಮೇಲೆ ಸೇಫ್ಟಿ ಬಿಟ್ಟು, ಸ್ಲೈಡ್ ಮುಂದಕ್ಕೆ ತಂದು, ಸ್ಪ್ರಿಂಗನ್ನು ನಳಿಗೆಗೆ ಏರಿಸಿ, ಮೂತಿಯ ಗೀರುಗೀರು ಬಳೆಯನ್ನು ಒತ್ತಿ ತಿರುಗಿಸುವುದು. ಆ ಬಳೆ ಕೈಜಾರಿದರೆ ಸ್ಪ್ರಿಂಗಿನ ಸಮೇತ ಮಾಡಿನ ಹೆಂಚಿಗೇ ಹೋಗುತ್ತದೆ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡು ಮಾಡಿ, ಹಾರಿದರೂ ಚೀಲದಲ್ಲೇ ಬೀಳುತ್ತದೆ. ಎಣ್ಣೆ ಸ್ಲೈಡಿನ ಹಳಿಗೆ ಬದಿಗೊಂದು ತೊಟ್ಟು ಸಾಕು. ಮ್ಯಾಗಜೀನಿನ ಒಳಗೆ ಎಣ್ಣೆ ಬೇಡ, ಒಣಗಿಸಿ ಒರೆಸಿ. ಅಲ್ಲಿ ಧೂಳು ಹಿಡಿದರೆ ಗುಂಡು ಮೇಲೇಳುವುದು ತಡವಾಗುತ್ತದೆ.

ಹಾಳೆಟೋಪಿ, ಶಿರಸಿ

ಎಣ್ಣೆಯ ಮಾತು ಬಂತು. ನಮ್ಮ ಕಡೆ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುವವರು ಈಗಲೂ ಇದ್ದಾರೆ. ಅದು ಪರವಾಗಿಲ್ಲವಾ? ಸೀಮೆಎಣ್ಣೆ?

ಮತ್ತಿಮರ, ಶಿರಸಿ

ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಪುಷ್ಯ ಮಾಸದ ಬೆಳಗಿಗೆ ಶಿರಸಿಯಲ್ಲಿ ಬಾಟಲಿಯಿಂದಲೇ ಬೀಳುವುದಿಲ್ಲ, ಸಿಯರಿನ ಸಂದಿಯಲ್ಲಿ ಏನು ಮಾಡೀತು ನೋಡಿಕೊಳ್ಳಿ. ಹಳತಾದರೆ ಕಮಟಾಗಿ ಹುಳಿ ಅಂಶ ಹುಟ್ಟಿ ಕಬ್ಬಿಣವನ್ನೇ ತಿನ್ನುತ್ತದೆ. ಸೀಮೆಎಣ್ಣೆ ಕೊಳೆ ಬಿಡಿಸಲು ಒಳ್ಳೆಯದು, ಕಾಯಲು ಅಲ್ಲ. ಹಚ್ಚಿದ ಮೇಲೆ ಪೂರ್ತಿ ಒರೆಸಿ ತೆಗೆದು ಬೇರೆ ಎಣ್ಣೆ ಹಾಕಬೇಕು. ಡಬ್ಲ್ಯುಡಿ-40 ನೀರು ಓಡಿಸುತ್ತದೆ, ಮಳೆಯಿಂದ ಬಂದ ಕೂಡಲೇ ಅದನ್ನು ಹೊಡೆಯಿರಿ. ಆದರೆ ಅದನ್ನೇ ನಂಬಿ ಮಳೆಗಾಲ ಪೂರ್ತಿ ಬಿಡಬೇಡಿ. ಹೊಲಿಗೆ ಯಂತ್ರದ ಎಣ್ಣೆ ಒಳಗಿನ ಸಂದಿಗೆ ಚೆನ್ನ, ಹೊರಮೈಗೆ ಬೇಗ ಆರುತ್ತದೆ, ವಾರಕ್ಕೊಮ್ಮೆ ಒರೆಸುವ ಅಭ್ಯಾಸ ಇದ್ದರೆ ಅಡ್ಡಿಯಿಲ್ಲ. ಕೋವಿ ಎಣ್ಣೆ ಅಂತಲೇ ಸಿಗುವುದು ಇದ್ದರೆ ಅದೇ ಸರಿ.

ಎಣ್ಣೆ ಹಚ್ಚಿ ಬಟ್ ಕೆಳಗೆ ಮಾಡಿ ಗೋಡೆಗೆ ಆನಿಸಿಡುವುದು ಎಲ್ಲರೂ ಮಾಡುವ ತಪ್ಪು. ಎಣ್ಣೆ ಇಳಿದಿಳಿದು ಬಟ್ಟಿನ ಕೊರಳಿಗೆ ಸೇರಿ ಕಟ್ಟಿಗೆ ಕಪ್ಪಾಗಿ ಮೆತ್ತಗಾಗುತ್ತದೆ, ಆಮೇಲೆ ಹೊಡೆತಕ್ಕೆ ಸೀಳುವುದು ಅಲ್ಲೇ. ಒಂದು ದಿನ ಮೂತಿ ಕೆಳಗೆ ಮಾಡಿ, ಕೆಳಗೆ ಬಟ್ಟೆ ಹಾಸಿ ನಿಲ್ಲಿಸಿ. ಈಡು ಹೊಡೆಯುವ ಮುಂಚೆ ನಳಿಗೆಯೊಳಗೆ, ಮುಖ್ಯವಾಗಿ ತೋಟೆ ಕೂರುವ ಜಾಗದಲ್ಲಿ ಒಣ ಚಿಂದಿ ಎಳೆಯಿರಿ. ಚೇಂಬರ್ ಎಣ್ಣೆಯಾಗಿದ್ದರೆ ತೋಟೆ ಗೋಡೆಗೆ ಕಚ್ಚಿ ನಿಲ್ಲದೆ ಹಿಂದಕ್ಕೆ ಜಾರಿ, ಪೂರ್ತಿ ಹೊಡೆತ ಚಪ್ಪಟೆ ಮುಖದ ಮೇಲೆ ಬೀಳುತ್ತದೆ.

ಕೇಪಿನ ಕೋವಿಯವರಿಗೆ, ಅಂದರೆ ಮೂತಿಯಿಂದ ಕಪ್ಪು ಮದ್ದು ತುಂಬುವವರಿಗೆ, ಈ ಎಣ್ಣೆ ಪುರಾಣ ಯಾವುದೂ ಸಾಲದು. ಕಪ್ಪು ಮದ್ದಿನ ಕಿಟ್ಟ ನೀರು ಹೀರುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಅದಕ್ಕೆ ಕುದಿನೀರು, ಸಾಬೂನು, ಆಮೇಲೆ ಬಿಸಿ ಇರುವಾಗಲೇ ಒಣಗಿಸಿ ಎಣ್ಣೆ. ಅದೂ ಹೊಡೆದ ದಿನವೇ.

ಕಾಳಿಕಡಲು, ಕಾರವಾರ

ಖಾಲಿ ಮ್ಯಾಗಜೀನ್ ಹಾಕಿದ ಕೂಡಲೇ ಟ್ರಿಗರ್ ಸರಿಯಾಯ್ತು. ಸುಮ್ಮನೆ ಎರಡು ಸಲ ಬಿಚ್ಚಿದ್ದಾಯ್ತು.

ಇಡುವ ಜಾಗದ ಬಗ್ಗೆ: ಕ್ಯಾನ್ವಾಸು, ಚರ್ಮ, ಫೋಮಿನ ಚೀಲದಲ್ಲಿ ಇಡಬೇಡಿ, ಅವು ತೇವ ಹಿಡಿದಿಡುತ್ತವೆ. ಬೀಗದ ಕಪಾಟಿನ ಅಡಿಯಲ್ಲಿ 15 ವ್ಯಾಟಿನ ಹಳೇ ತಂತಿ ಬಲ್ಬು ಉರಿಯುತ್ತಿದ್ದರೆ ಒಳಗೆ ಹೊರಗಿಗಿಂತ ತುಸು ಬೆಚ್ಚಗಿರುತ್ತದೆ, ತೇವ ಕೂರುವುದಿಲ್ಲ. ಬಟ್ಟೆಬರೆ ತಾಗದಂತೆ ನೋಡಿಕೊಳ್ಳಿ. ಎಲ್‌ಇಡಿಗೆ ಆ ಬಿಸಿ ಇಲ್ಲ. ಕರೆಂಟು ನೆಚ್ಚದವರು ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿಯಾದಾಗ 120 ಡಿಗ್ರಿ ಓವನ್ನಿನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ನೀಲಿಗೆ ತಿರುಗುತ್ತದೆ. ಆ ತಟ್ಟೆಯನ್ನು ಅಡುಗೆಗೆ ಬಳಸಬೇಡಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡುವವರಿದ್ದಾರೆ, ಕಟ್ಟಿಗೆ ಹೊಗೆಯಲ್ಲಿ ಹುಳಿ ಇರುತ್ತದೆ, ನಳಿಗೆಯ ಬಣ್ಣ ತಿನ್ನುತ್ತದೆ. ಅಲ್ಲದೆ ಅಟ್ಟಕ್ಕೆ ಬೀಗ ಎಲ್ಲಿಂದ?

ಹಾಳೆಟೋಪಿ, ಶಿರಸಿ

ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡುವಾಗ? ಎರಡು ತಿಂಗಳು ಒರೆಸುವವರಿಲ್ಲ.

ಗುಡ್ಡೆಬೆಟ್ಟ, ಯಲ್ಲಾಪುರ

ಆಗ ಎಣ್ಣೆ ಅಲ್ಲ, ಗ್ರೀಸು. ನಳಿಗೆಯ ಒಳಗೆ ಗ್ರೀಸ್ ಹಚ್ಚಿದ ಚಿಂದಿ ಒಂದು ಸಲ ಎಳೆದು, ಹೊರಗೆ ತೆಳ್ಳಗೆ ಸವರಿ. ಮೂತಿಗೆ ಬಟ್ಟೆ ತುರುಕಬೇಡಿ, ಒಳಗೆ ತೇವ ಕಟ್ಟಿಕೊಳ್ಳುತ್ತದೆ. ಟ್ರಿಗರ್ ಕಾವಲಿಗೆ ‘ನಳಿಗೆಯಲ್ಲಿ ಗ್ರೀಸ್ ಇದೆ’ ಅಂತ ಚೀಟಿ ಕಟ್ಟಿ. ವಾಪಸ್ ಬಂದ ದಿನ ಮೊದಲು ನೆನಪಾಗಬೇಕಾದ್ದು ಅದು. ರಸೀದಿಯಲ್ಲಿ ಕೋವಿಯ ನಂಬರ್ ನಿಮ್ಮ ಲೈಸೆನ್ಸಿನದ್ದಕ್ಕೆ ಸರಿ ಹೊಂದಿದೆಯಾ ಅಲ್ಲೇ ನಿಂತು ನೋಡಿ. ಮುಂದಿನ ಕಟ್ಟಿಗೆಯನ್ನು ಬಿಚ್ಚಿ ಬೇರೆ ಕೊಡಬೇಡಿ, ಸಾಲಾಗಿ ಇಟ್ಟ ಇಪ್ಪತ್ತು ಕೋವಿಯಲ್ಲಿ ಅದಲು ಬದಲಾದರೆ ನಿಮ್ಮದಕ್ಕೆ ಇನ್ನೊಬ್ಬರದ್ದು ಕೂರುವುದಿಲ್ಲ.

ತೋಟದಂಚು, ಸಿದ್ದಾಪುರ

ಎಡಗಡೆಯದು ಎಣ್ಣೆ ಬಿಟ್ಟ ಮಾರನೇ ದಿನ ಒತ್ತಿದಾಗ ನಿಂತಿತು. ಕಟ್ಟಿಗೆ ಸಂದಿಲ್ಲದೆ ಕೂತಿದೆ. ಬಿಳಿ ತೋಟೆ ಹಾಕಿ ಹತ್ತು ಸಲ ನೋಡಿದೆ, ಒಂಬತ್ತು ಸಲ ಸರಿ. ಒಂದು ಸಲ ಮುಚ್ಚುವಾಗಲೇ ಎಡದ ಹ್ಯಾಮರ್ ತಾನಾಗಿ ಬಿತ್ತು.

ಮತ್ತಿಮರ, ಶಿರಸಿ

ಹತ್ತರಲ್ಲಿ ಒಂದು ಅಂದರೆ ಅಂಟಲ್ಲ, ಹಲ್ಲು ಸವೆದಿದೆ. ತೋಟೆ ಹಾಕಬೇಡಿ. ರಿಪೇರಿಗೆ ಒಯ್ಯುವಾಗ ಲೈಸೆನ್ಸ್ ಪುಸ್ತಕ ಜೊತೆಗಿರಲಿ, ‘ಎಡ ಸಿಯರ್, ಮುಚ್ಚುವಾಗ ಬೀಳುತ್ತದೆ’ ಅಂತ ಬರೆದುಕೊಡಿ. ಸಿಯರ್ ಒಂದನ್ನೇ ಅರ ಹಾಕಿ ಕೊಟ್ಟರೆ ಒಪ್ಪಬೇಡಿ, ಹ್ಯಾಮರಿನ ಕಚ್ಚನ್ನೂ ಅದರ ಜೊತೆ ಹೊಂದಿಸಿ ನೋಡಬೇಕು. ವಾಪಸ್ ತರುವ ಮುಂಚೆ ಅವರ ಮುಂದೆಯೇ ಬಿಳಿ ತೋಟೆಯಲ್ಲಿ ಐವತ್ತು ಸಲ ಮುಚ್ಚಿ ನೋಡಿ.